ಪೀಟರ್‌ಲೂ ಮೈದಾನದಲ್ಲಿ ನಿಂತವರಿಗೆ 1832ರಲ್ಲಿ ಮತದ ಹಕ್ಕು ಏಕೆ ಸಿಗಲಿಲ್ಲ?

ತುಂಗಾತೀರ (ಪ್ರಶ್ನೆ):

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ನಡೆದ ಸಂಸತ್ ಸುಧಾರಣಾ ಚಳವಳಿಯನ್ನು ಕುರಿತು ಓದುವಾಗಲೆಲ್ಲ ನನಗೆ ಒಂದು ಲೆಕ್ಕ ತಾಳೆಯಾಗುವುದಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಧಾರಣಾವಾದಿ ಭಾಷಣಕಾರ ಹೆನ್ರಿ ಹಂಟ್‌ನ ಮಾತು ಕೇಳಲು ಸುಮಾರು 60,000 ಜನ ಸೇರಿದ್ದರು. ಅವರಲ್ಲಿ ಬಹಳಷ್ಟು ಮಂದಿ ಕೈಮಗ್ಗದ ನೇಕಾರರು, ನೂಲುವವರು ಮತ್ತು ಅವರ ಮನೆಮಂದಿ. ವಯಸ್ಕ ಗಂಡಸರೆಲ್ಲರಿಗೂ ಮತ ಬೇಕು, ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕು ಎಂದು ಕೇಳಲು ಬಂದಿದ್ದ ಅವರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು; ಆ ಘಟನೆಗೇ ಪೀಟರ್‌ಲೂ ಎಂಬ ಹೆಸರು. ಹದಿಮೂರು ವರ್ಷಗಳ ನಂತರ ಬಂದ ಸುಧಾರಣಾ ಕಾಯ್ದೆಯಾದರೋ ಪಟ್ಟಣಗಳಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯುಳ್ಳ ಮನೆಯಲ್ಲಿ ಇರುವ ಗಂಡಸಿಗೆ ಮತ ಕೊಟ್ಟಿತು. ಆ ಮೈದಾನದಲ್ಲಿದ್ದ ನೇಕಾರನಿಗೆ ಅಂಥ ಮನೆ ಎಲ್ಲಿಂದ ಬರಬೇಕು?

ಚಳವಳಿ ಗೆದ್ದಿತೆಂದು ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಹೋರಾಡಿದವರನ್ನೇ ಹೊರಗಿಟ್ಟದ್ದು ಕೈತಪ್ಪಿ ಆದದ್ದೇ, ಅಥವಾ ಬೇಕೆಂದೇ ಮಾಡಿದ್ದೇ? ಇನ್ನೊಂದು ಉಪಪ್ರಶ್ನೆ: ಜನವಸತಿಯೇ ಇಲ್ಲದ ಓಲ್ಡ್ ಸೇರಮ್ ಎಂಬ ಗುಡ್ಡ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು ಎಂಬುದು ನಿಜವೇ, ಉತ್ಪ್ರೇಕ್ಷೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೆಪುಟ:

ಬೇಕೆಂದೇ ಮಾಡಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ; ಮಸೂದೆ ತಂದವರು ಅದನ್ನು ಮುಚ್ಚಿಟ್ಟಿರಲೂ ಇಲ್ಲ.

ಮೊದಲು ಆ ಮೈದಾನದ ಜನರ ಬಗ್ಗೆ ಒಂದು ಮಾತು. ಮಿಡಲ್‌ಟನ್ ಎಂಬ ಊರಿನಿಂದ ಸ್ಯಾಮ್ಯುಯೆಲ್ ಬ್ಯಾಮ್‌ಫರ್ಡ್ ಎಂಬ ನೇಕಾರ ಕರೆತಂದ ತಂಡ ಐದೈದು ಜನರ ಸಾಲಾಗಿ, ಕೈಯಲ್ಲಿ ದೊಣ್ಣೆ ಹಿಡಿಯದೆ, ಎಲೆಯ ಚಿಗುರು ಹಿಡಿದು ನಡೆದು ಬಂದಿತ್ತು. ಅವರ ರೇಷ್ಮೆ ಬಾವುಟಗಳಲ್ಲಿ ಒಂದು ಇಂದಿಗೂ ಉಳಿದಿದೆ. ಇಂಥ ಶಿಸ್ತಿಗಾಗಿ ಅವರು ಮುಂಚಿತವಾಗಿಯೇ ಊರ ಹೊರಗಿನ ಬಯಲಿನಲ್ಲಿ ಕವಾಯತು ಮಾಡಿದ್ದರು. ಆದರೆ ಮೈದಾನದ ಪಕ್ಕದ ಮನೆಯೊಂದರ ಕಿಟಕಿಯಿಂದ ನೋಡುತ್ತಿದ್ದ ಮ್ಯಾಜಿಸ್ಟ್ರೇಟರಿಗೆ ಆ ಶಿಸ್ತೇ ದಂಗೆಯ ಸಿದ್ಧತೆಯಾಗಿ ಕಂಡಿತು. ಹಂಟ್‌ನನ್ನು ಬಂಧಿಸಲು ಸ್ಥಳೀಯ ಯೋಮನ್ರಿ (ಸ್ವಯಂಸೇವಕ) ಸವಾರರನ್ನು ಕಳಿಸಿದರು. ಅವರು ಜನಜಂಗುಳಿಯಲ್ಲಿ ಸಿಕ್ಕಿಕೊಂಡಾಗ ಸೈನ್ಯದ ಹುಸಾರ್ ಕುದುರೆಪಡೆಯನ್ನು ನುಗ್ಗಿಸಿದರು. ಸತ್ತವರು ಸುಮಾರು ಹದಿನೆಂಟು ಮಂದಿ, ಗಾಯಗೊಂಡವರು ನೂರಾರು. ಮೊದಲು ಸತ್ತದ್ದು ತಾಯಿಯ ತೋಳಿನಿಂದ ಕೆಳಗೆ ಬಿದ್ದ ಎರಡು ವರ್ಷದ ವಿಲಿಯಂ ಫಿಲ್ಡ್ಸ್ ಎಂಬ ಮಗು. ಸರ್ಕಾರ ಮ್ಯಾಜಿಸ್ಟ್ರೇಟರನ್ನು ಅಭಿನಂದಿಸಿತು, ಹಂಟ್‌ಗೆ ಎರಡೂವರೆ ವರ್ಷ ಸೆರೆಮನೆಯಾಯಿತು, ಆ ವರ್ಷದ ಡಿಸೆಂಬರಿನಲ್ಲಿ ಸಭೆಗಳನ್ನೂ ಅಗ್ಗದ ಪತ್ರಿಕೆಗಳನ್ನೂ ಹತ್ತಿಕ್ಕುವ ಆರು ಕಾನೂನುಗಳು ಬಂದವು.

ನಡುವಿನ ಹತ್ತು ವರ್ಷಗಳನ್ನು ಬಿಡೋಣ. 1830ರಲ್ಲಿ ಚಳವಳಿ ಮತ್ತೆ ಎದ್ದಾಗ ಅದರ ಮುಂಚೂಣಿಯಲ್ಲಿದ್ದವರು ಬೇರೆ. ಬರ್ಮಿಂಗ್‌ಹ್ಯಾಮಿನ ರಾಜಕೀಯ ಸಂಘವನ್ನು ಕಟ್ಟಿದ ಥಾಮಸ್ ಆಟ್‌ವುಡ್ ಬ್ಯಾಂಕರ್. ಮಾಲೀಕರನ್ನೂ ಕಾರ್ಮಿಕರನ್ನೂ ಒಂದೇ ಸಂಘದಲ್ಲಿ ಕೂಡಿಸಿದ್ದು ಅವನ ಜಾಣ್ಮೆ. ನವೆಂಬರ್ 2ರಂದು ಪ್ರಧಾನಿ ವೆಲಿಂಗ್ಟನ್ ಇರುವ ವ್ಯವಸ್ಥೆಗಿಂತ ಉತ್ತಮವಾದದ್ದನ್ನು ತಾನು ಊಹಿಸಲಾರೆನೆಂಬ ಅರ್ಥದ ಮಾತಾಡಿ ಎರಡು ವಾರಗಳಲ್ಲಿ ಅಧಿಕಾರ ಕಳೆದುಕೊಂಡ. ಸುಧಾರಣೆಯ ಪರವಾಗಿದ್ದ ವಿಗ್ ಪಕ್ಷದ ಗ್ರೇ ಪ್ರಧಾನಿಯಾದ. 1831ರ ಮಾರ್ಚ್ 1ರಂದು ಗ್ರೇ ಸರ್ಕಾರದ ಜಾನ್ ರಸೆಲ್ ರದ್ದಾಗಲಿರುವ ಬರೋಗಳ (ಸಂಸತ್ತಿಗೆ ಸದಸ್ಯರನ್ನು ಕಳಿಸುವ ಪಟ್ಟಣ ಕ್ಷೇತ್ರಗಳ) ಪಟ್ಟಿಯನ್ನು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಓದುತ್ತಿದ್ದಾಗ ಎದುರು ಬದಿಯವರು ನಂಬಲಾಗದೆ ನಕ್ಕುಬಿಟ್ಟರು. ಅದೇ ತಿಂಗಳು ಮಸೂದೆಯ ಎರಡನೆಯ ವಾಚನ 302ಕ್ಕೆ 301ರಂತೆ ಒಂದೇ ಮತದಿಂದ ಪಾರಾಯಿತು. ಮುಂದೆ ಹೊಸ ಚುನಾವಣೆ ಗೆದ್ದು ತಂದ ಮಸೂದೆಯನ್ನು ಅಕ್ಟೋಬರಿನಲ್ಲಿ ಮೇಲ್ಮನೆಯಾದ ಲಾರ್ಡ್ಸ್ ಸಭೆ 41 ಮತಗಳಿಂದ ತಳ್ಳಿಹಾಕಿತು. ವಿರುದ್ಧ ಮತ ಹಾಕಿದವರಲ್ಲಿ 21 ಮಂದಿ ಬಿಷಪ್ಪರು. ಅಷ್ಟೂ ಜನ ಪರವಾಗಿ ನಿಂತಿದ್ದರೆ ಫಲಿತಾಂಶವೇ ತಿರುವುಮುರುವಾಗುತ್ತಿತ್ತೆಂಬ ಲೆಕ್ಕವನ್ನು ಜನ ಬೀದಿಯಲ್ಲೇ ಹಾಕಿಕೊಂಡರು. ನಾಟಿಂಗ್‌ಹ್ಯಾಮಿನ ಕೋಟೆ ಉರಿಯಿತು. ಬ್ರಿಸ್ಟಲ್ಲಿನಲ್ಲಿ ಮೂರು ದಿನ ಗಲಭೆ ನಡೆದು ಬಿಷಪ್ಪನ ಅರಮನೆಯೇ ಸುಟ್ಟುಹೋಯಿತು.

ಇನ್ನು ನಿಮ್ಮ ಪ್ರಶ್ನೆಯ ತಿರುಳು. ಬೀದಿಯಲ್ಲಿದ್ದವರು ಮತವಿಲ್ಲದವರು, ಆ ಬೀದಿಯನ್ನು ತೋರಿಸಿ ಸಭೆಯೊಳಗೆ ಚೌಕಾಸಿ ಮಾಡಿದವರು ವಿಗ್ ಜಮೀನ್ದಾರರು. ಸಾರ್ವತ್ರಿಕ ಮತಾಧಿಕಾರ, ವಾರ್ಷಿಕ ಸಂಸತ್ತು, ಗುಪ್ತ ಮತದಾನ ಇವುಗಳಿಗೆ ತನ್ನಷ್ಟು ವಿರೋಧಿಯಿಲ್ಲವೆಂದೂ, ಅಂಥ ಆಸೆಗಳಿಗೆ ಕೊನೆ ಹಾಡುವುದೇ ತನ್ನ ಉದ್ದೇಶವೆಂದೂ ಗ್ರೇ ಲಾರ್ಡ್ಸ್ ಸಭೆಯಲ್ಲೇ ಹೇಳಿದ. ಮಧ್ಯಮ ವರ್ಗವನ್ನು ಒಳಗೆ ಸೇರಿಸಿಕೊಂಡು ಬಾಗಿಲು ಹಾಕಿಕೊಂಡರೆ ಹೊರಗಿನವರಿಗೆ ನಾಯಕರು ಉಳಿಯುವುದಿಲ್ಲ ಎಂಬುದು ಅವರ ಎಣಿಕೆ. 10 ಪೌಂಡಿನ ಗೆರೆಯನ್ನೂ ಅವರು ಕಣ್ಣುಮುಚ್ಚಿ ಎಳೆದದ್ದಲ್ಲ. ರಸೆಲ್‌ನ ಕೋರಿಕೆಯಂತೆ ಲೀಡ್ಸಿನ ಪತ್ರಿಕಾ ಸಂಪಾದಕ ಎಡ್ವರ್ಡ್ ಬೇನ್ಸ್ ಮನೆಮನೆಯ ಬಾಡಿಗೆ ವಿಚಾರಿಸಿದಾಗ, ಕಾರ್ಮಿಕರ ಕೇರಿಗಳಲ್ಲಿ ಐವತ್ತು ಮನೆಗಳಿಗೆ ಒಬ್ಬನಿಗೂ ಮತ ಬರದು ಎಂದು ತಿಳಿದುಬಂತು. ಸುಮಾರು 11,000 ಜನಸಂಖ್ಯೆಯ ಹೋಲ್‌ಬೆಕ್‌ನಲ್ಲಿ ಮತದಾರರಾಗುವವರು 150 ಮಂದಿ. ಇದನ್ನು ತಿಳಿದೇ ಆ ಮೊತ್ತವನ್ನು ಉಳಿಸಿಕೊಂಡರು.

ಸಂಜೆಓದು:

ಓಲ್ಡ್ ಸೇರಮ್ ಉತ್ಪ್ರೇಕ್ಷೆಯಲ್ಲ. ಸಾಲಿಸ್‌ಬರಿಯ ಹತ್ತಿರದ ಹಳೆಯ ಕೋಟೆಗುಡ್ಡ ಅದು. ಹದಿಮೂರನೆಯ ಶತಮಾನದಲ್ಲಿ ಕೆಥೀಡ್ರಲ್ ಕೆಳಗಿನ ಬಯಲಿಗೆ ಸ್ಥಳಾಂತರಗೊಂಡ ಮೇಲೆ ಜನವೂ ಅಲ್ಲಿಂದ ಕರಗಿದರು. ಮತದ ಹಕ್ಕು ಮನುಷ್ಯರಿಗೆ ಅಂಟಿರದೆ ಕೆಲವು ನಿವೇಶನಗಳಿಗೆ ಅಂಟಿಕೊಂಡಿದ್ದರಿಂದ ಆ ಜಾಗದ ಒಡೆಯ ತನಗೆ ಬೇಕಾದವರ ಹೆಸರಿಗೆ ತಾತ್ಕಾಲಿಕವಾಗಿ ನಿವೇಶನ ಬರೆದುಕೊಟ್ಟು, ಮರದಡಿ ಗುಡಾರ ಹಾಕಿಸಿ ಚುನಾವಣೆ ಮುಗಿಸುತ್ತಿದ್ದ. ಮದರಾಸಿನ ಗವರ್ನರನಾಗಿದ್ದ, ವಜ್ರದ ವ್ಯಾಪಾರಕ್ಕೆ ಹೆಸರಾದ ಥಾಮಸ್ ಪಿಟ್‌ನ ಮನೆತನಕ್ಕೆ ಅದು ಸೇರಿತ್ತು. 1802ರಲ್ಲಿ 60,000 ಪೌಂಡಿಗೆ ಮಾರಾಟವಾಯಿತು. ಬರಿಯ ಹುಲ್ಲುಗುಡ್ಡಕ್ಕೆ ಯಾರೂ ಅಷ್ಟು ಹಣ ಸುರಿಯುವುದಿಲ್ಲ!

ದಕ್ಷಿಣ ಭಾರತದ ಹಣ ಈ ವ್ಯವಸ್ಥೆಯೊಳಗೆ ಹರಿದ ಇನ್ನೊಂದು ಪ್ರಸಂಗವನ್ನೂ ನೆನೆಯಬೇಕು. ಮದರಾಸಿನಲ್ಲಿ ಕಂಪನಿಯ ನೌಕರನಾಗಿದ್ದ ಪಾಲ್ ಬೆನ್‌ಫೀಲ್ಡ್ ಆರ್ಕಾಟಿನ ನವಾಬನಿಗೆ ಸಾಲ ಕೊಟ್ಟು, ಆ ದುಡ್ಡಿನ ಬಲದಿಂದ 1780ರಲ್ಲಿ ಕ್ರಿಕ್‌ಲೇಡ್ ಬರೋದಿಂದ ಸಂಸತ್ ಸದಸ್ಯನಾದ. ಅವನು ತನ್ನ ಕಡೆಯವರನ್ನು ಸಂಸತ್ತಿಗೆ ತುಂಬಿ, ನವಾಬನ ಸಾಲಗಳನ್ನು ವಿಚಾರಣೆಯಿಲ್ಲದೆ ಆರ್ಕಾಟ್ ಸೀಮೆಯ ಕಂದಾಯದಿಂದಲೇ ತೀರಿಸುವ ಆದೇಶ ಪಡೆದನೆಂಬುದು ಎಡ್ಮಂಡ್ ಬರ್ಕ್ 1785ರಲ್ಲಿ ಮಾಡಿದ ಆರೋಪ. ಕೊಳ್ಳಬಹುದಾದ ಬರೋಗಳ ಫಲವನ್ನು ತಮಿಳು ಸೀಮೆಯ ರೈತರೂ ಉಂಡರು.

ಕಾವಲುಮನೆ:

ಹಳೆಪುಟ ಅವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ತೀರ್ಮಾನ ಸ್ವಲ್ಪ ಕಟುವಾಯಿತು. ಸಂಜೆಓದು ಅವರು ಹೇಳಿದ ಆ 60,000 ಪೌಂಡಿನ ಗುಡ್ಡಕ್ಕೆ 1832ರಲ್ಲಿ ಎಷ್ಟು ಪರಿಹಾರ ಸಿಕ್ಕಿತೆಂದು ಕೇಳಿಕೊಳ್ಳಿ: ಒಂದು ಕಾಸೂ ಇಲ್ಲ. 1800ರಲ್ಲಿ ಐರ್ಲೆಂಡಿನ ಸಂಸತ್ತನ್ನು ವಿಲೀನಗೊಳಿಸಿದಾಗ ರದ್ದಾದ ಪ್ರತಿ ಬರೋಗೆ ಅದರ ಒಡೆಯರಿಗೆ 15,000 ಪೌಂಡ್ ಕೊಟ್ಟಿದ್ದರು. ಪ್ರಧಾನಿಯಾಗಿದ್ದ ಕಿರಿಯ ಪಿಟ್ ಕೂಡ 1785ರ ತನ್ನ ಯೋಜನೆಯಲ್ಲಿ ಬರೋಗಳನ್ನು ಹಣ ಕೊಟ್ಟು ಬಿಡಿಸಿಕೊಳ್ಳಲು ಹೊರಟಿದ್ದ. 56 ಬರೋಗಳ ಎಲ್ಲ ಸ್ಥಾನಗಳನ್ನೂ ಪುಕ್ಕಟೆಯಾಗಿ ಕಿತ್ತುಕೊಂಡ 1832ರ ಕಾಯ್ದೆ, ಸಂಸತ್ತಿನ ಸ್ಥಾನ ಯಾರಪ್ಪನ ಆಸ್ತಿಯೂ ಅಲ್ಲವೆಂದು ಮೊದಲ ಬಾರಿಗೆ ಕಾನೂನಿನಲ್ಲಿ ಒಪ್ಪಿತು. ನನ್ನ ದೃಷ್ಟಿಯಲ್ಲಿ ಮತದಾರರ ಸಂಖ್ಯೆ ಹೆಚ್ಚಿದ್ದಕ್ಕಿಂತ ಇದು ದೊಡ್ಡ ಬದಲಾವಣೆ.

1832ರ ಮೇ ತಿಂಗಳನ್ನೂ ಮರೆಯಬಾರದು. ಲಾರ್ಡ್ಸ್ ಸಭೆ ಮತ್ತೆ ಅಡ್ಡ ಬಂದು ಗ್ರೇ ರಾಜೀನಾಮೆ ಕೊಟ್ಟಾಗ, ವೆಲಿಂಗ್ಟನ್ ಸಂಪುಟ ಕಟ್ಟದಂತೆ ಮಾಡಲು ಲಂಡನ್ನಿನ ದರ್ಜಿ ಫ್ರಾನ್ಸಿಸ್ ಪ್ಲೇಸ್ ಮತ್ತು ಗೆಳೆಯರು, ಬ್ಯಾಂಕಿಗೆ ಹೋಗಿ ನೋಟು ಕೊಟ್ಟು ಚಿನ್ನ ತೆಗೆದುಕೊಳ್ಳಿರೆಂದು ಗೋಡೆಗೋಡೆಗೆ ಭಿತ್ತಿಪತ್ರ ಅಂಟಿಸಿದರು. ಕೆಲವೇ ದಿನಗಳಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಹತ್ತು ಲಕ್ಷ ಪೌಂಡಿಗೂ ಮೀರಿದ ಚಿನ್ನ ಹೊರಟುಹೋಯಿತು. ವೆಲಿಂಗ್ಟನ್ ಕೈಚೆಲ್ಲಿದ, ಅಗತ್ಯಬಿದ್ದರೆ ಹೊಸ ಲಾರ್ಡುಗಳನ್ನು ನೇಮಿಸಲು ರಾಜ ಒಪ್ಪಿದ, ಜೂನ್ 7ರಂದು ಮಸೂದೆಗೆ ಅಂಕಿತ ಬಿತ್ತು. ಆಗ ಇಂಗ್ಲೆಂಡಿನಲ್ಲಿದ್ದ ರಾಜಾ ರಾಮಮೋಹನ ರಾಯರು, ಮಸೂದೆ ಬಿದ್ದರೆ ಈ ದೇಶದೊಡನೆ ನಂಟೇ ಕಡಿದುಕೊಳ್ಳುವೆನೆಂದು ಬಹಿರಂಗವಾಗಿ ಸಾರಿದ್ದರು. ಅದನ್ನು ಬರಿಯ ವಿಗ್ ಚೌಕಾಸಿಯೆಂದು ಅವರು ಕಂಡಿರಲಿಲ್ಲ.

ತುಂಗಾತೀರ:

ಮೂವರಿಗೂ ಧನ್ಯವಾದಗಳು. ಪರಿಹಾರವಿಲ್ಲದೆ ಬರೋಗಳನ್ನು ಕಿತ್ತುಕೊಂಡ ಸಂಗತಿ ನನಗೆ ಹೊಸದು. ಇನ್ನೊಂದೇ ವಿಚಾರ: ಈ ಕಾಯ್ದೆಯನ್ನು ಹಂಟ್ ಒಪ್ಪಿಕೊಂಡನೇ? ಪೀಟರ್‌ಲೂ ಸಭೆಯ ವೇದಿಕೆಯ ಮೇಲೆ ಹೆಂಗಸರೂ ಇದ್ದರೆಂದು ಓದಿದ್ದೇನೆ. ಅವರ ಮಾತು ಯಾರಾದರೂ ಎತ್ತಿದರೇ?

ಹಳೆಪುಟ:

ಹಂಟ್ ಒಪ್ಪಲಿಲ್ಲ, ಅವನ ಕಾರಣ ಗಮನಿಸತಕ್ಕದ್ದು. 1830ರ ಡಿಸೆಂಬರಿನಲ್ಲಿ ಅವನನ್ನು ಗೆಲ್ಲಿಸಿ ಕಳಿಸಿದ ಪ್ರೆಸ್ಟನ್ ಪಟ್ಟಣದಲ್ಲಿ ಹಳೆಯ ಪದ್ಧತಿಯಂತೆ ಹೆಚ್ಚುಕಡಿಮೆ ಎಲ್ಲ ವಯಸ್ಕ ಗಂಡಸರಿಗೂ ಮತವಿತ್ತು. ಟಾಂಟನ್, ಹಾನಿಟನ್‌ಗಳಂಥ ಕೆಲವು ಊರುಗಳಲ್ಲಿ ಸ್ವಂತ ಒಲೆಯ ಮೇಲೆ ಗಡಿಗೆಯಿಟ್ಟು ಬೇಯಿಸಿಕೊಳ್ಳುವ ಪ್ರತಿ ಗೃಹಸ್ಥನೂ ಮತದಾರ. ಹಳೆಯ ವ್ಯವಸ್ಥೆ ಎಷ್ಟು ಅಡ್ಡಾದಿಡ್ಡಿಯಾಗಿತ್ತೆಂದರೆ ಅದರ ಸಂದುಗೊಂದುಗಳಲ್ಲಿ ಬಡವನಿಗೂ ಜಾಗವಿತ್ತು. 1832ರ ಕಾಯ್ದೆ ಎಲ್ಲೆಡೆ ಒಂದೇ ಅಳತೆಗೋಲು ತಂದು, ಇದ್ದ ಮತದಾರರಿಗೆ ಅವರ ಜೀವಿತಾವಧಿಯವರೆಗೆ ಹಕ್ಕು ಉಳಿಸಿ, ಹೊಸಬರಿಗೆ ಆ ದಾರಿಯನ್ನು ಮುಚ್ಚಿತು. ಕಾವಲುಮನೆ ಅವರು ಕೊಂಡಾಡಿದ ಕಾಯ್ದೆಯ ಈ ಮುಖವನ್ನು ಬಿಡಲಾಗದು. ಸಭೆಯೊಳಗೆ ಹಂಟ್ ಇದನ್ನು ಪದೇ ಪದೇ ಎತ್ತಿ ತೋರಿಸಿ ಸುಧಾರಣಾವಾದಿಗಳಿಂದಲೇ ಬೈಸಿಕೊಂಡ.

ಹೆಂಗಸರ ವಿಷಯ. ಪೀಟರ್‌ಲೂ ಸಭೆಯಲ್ಲಿ ಮ್ಯಾಂಚೆಸ್ಟರಿನ ಮಹಿಳಾ ಸುಧಾರಣಾ ಸಂಘದ ಅಧ್ಯಕ್ಷೆ ಮೇರಿ ಫಿಲ್ಡ್ಸ್ ಇದ್ದರು. ಬಿಳಿಯುಡುಗೆಯ ಹೆಂಗಸರ ತಂಡಗಳೂ ಬಂದಿದ್ದವು. ಆದರೆ ಅವರು ಆಗ ಕೇಳುತ್ತಿದ್ದದ್ದು ಮುಖ್ಯವಾಗಿ ತಮ್ಮ ಗಂಡಂದಿರ, ಅಣ್ಣತಮ್ಮಂದಿರ ಮತ. 1832ರ ಕಾಯ್ದೆ ಮತದಾರ ‘ಪುರುಷ ವ್ಯಕ್ತಿ’ಯಾಗಿರಬೇಕೆಂದು ಸ್ಪಷ್ಟವಾಗಿ ಬರೆದದ್ದೇ ತಡ, ಯಾರ್ಕ್‌ಶೈರಿನ ಮೇರಿ ಸ್ಮಿತ್ ಎಂಬ ಅವಿವಾಹಿತ ಶ್ರೀಮಂತೆ, ತೆರಿಗೆ ಕಟ್ಟುವ ತನಗೆ ಮತ ಏಕಿಲ್ಲ ಎಂದು ಅರ್ಜಿ ಬರೆದರು. ಆ ಅರ್ಜಿಯನ್ನು ಆಗಸ್ಟ್ 3ರಂದು ಕಾಮನ್ಸ್ ಸಭೆಯ ಮುಂದಿಟ್ಟವನು ಇದೇ ಹಂಟ್. ಸದಸ್ಯರು ಅದನ್ನು ಗೇಲಿ ಮಾಡಿ ಮುಗಿಸಿದರು.

ಆ ಡಿಸೆಂಬರಿನಲ್ಲಿ ಹೊಸ ಕಾಯ್ದೆಯಡಿ ನಡೆದ ಮೊದಲ ಚುನಾವಣೆಯಲ್ಲಿ ಹಂಟ್ ಪ್ರೆಸ್ಟನ್ನಿನಲ್ಲಿ ಸೋತ. ಅದೇ ಚುನಾವಣೆಯಲ್ಲಿ ಮ್ಯಾಂಚೆಸ್ಟರ್ ಮೊಟ್ಟಮೊದಲಿಗೆ ತನ್ನ ಇಬ್ಬರು ಸದಸ್ಯರನ್ನು ಆರಿಸಿಕೊಂಡಿತು. ಜನಸಂಖ್ಯೆ ಲಕ್ಷವನ್ನು ಬಹಳ ಹಿಂದೆಯೇ ದಾಟಿದ್ದ ಆ ಪಟ್ಟಣದಲ್ಲಿ ನೋಂದಾಯಿತ ಮತದಾರರು 7,000ಕ್ಕಿಂತ ಕಡಿಮೆ.