ಪದಚರ್ಚೆ: ಚಿಪ್ಪುಹಂದಿಯ ‘ಚಿಪ್ಪು’, ‘ಕಳ್ಳಬೇಟೆ’ಯ ಕ್ರಿಯಾಪದ

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಚಿಪ್ಪುಹಂದಿಗಳ (ಇಂಗ್ಲಿಷಿನಲ್ಲಿ ಪ್ಯಾಂಗೋಲಿನ್) ರಕ್ಷಣೆಯ ಬಗ್ಗೆ ಮಕ್ಕಳಿಗೆಂದು ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಅದರ ಕರಡಿನಲ್ಲಿ ‘ಚಿಪ್ಪಿಗಾಗಿ ಈ ಪ್ರಾಣಿಯನ್ನು ಬೇಟೆಯಾಡುತ್ತಾರೆ’ ಎಂಬ ವಾಕ್ಯವಿತ್ತು. ಅದನ್ನು ಓದಿದ 11 ವರ್ಷದ ಹುಡುಗಿಯೊಬ್ಬಳು, ‘ಚಿಪ್ಪು ಮಾತ್ರ ತೆಗೆದುಕೊಂಡು ಪ್ರಾಣಿಯನ್ನು ಬಿಟ್ಟುಬಿಟ್ಟರೆ ಮತ್ತೆ ಬೆಳೆಯುವುದಿಲ್ಲವೇ?’ ಎಂದು ಕೇಳಿದಳು. ಹುಡುಗಿಯ ತಿಳಿವಳಿಕೆಯಲ್ಲಿ ಕೊರತೆಯೇನೂ ಇರಲಿಲ್ಲ. ನನ್ನ ವಾಕ್ಯವೇ ಅವಳನ್ನು ದಾರಿತಪ್ಪಿಸಿತ್ತು. ಆ ವಾಕ್ಯದ ‘ಚಿಪ್ಪು’ ಮತ್ತು ‘ಬೇಟೆಯಾಡು’ ಎಂಬೆರಡು ಪದಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ಚಿಪ್ಪು. ಆಮೆಯ ಚಿಪ್ಪು, ಕಪ್ಪೆಚಿಪ್ಪು, ಮುತ್ತಿನ ಚಿಪ್ಪು, ತೆಂಗಿನ ಚಿಪ್ಪು, ಮೊಣಕಾಲಿನ ಚಿಪ್ಪು ಎನ್ನುವಾಗಲೆಲ್ಲ ಒಳಗಿನದನ್ನು ಮುಚ್ಚಿಕೊಂಡಿರುವ ಗಟ್ಟಿಯಾದ ಒಂದೇ ಹೊದಿಕೆ ನಮ್ಮ ಮನಸ್ಸಿಗೆ ಬರುತ್ತದೆ. (ಬಾಳೆಯ ಚಿಪ್ಪು ಈ ಸಾಲಿಗೆ ಸೇರುವುದಿಲ್ಲ, ಅದರ ಚರ್ಚೆ ಇನ್ನೊಮ್ಮೆ ಆಗಲಿ.) ಅದಕ್ಕಿಂತ ಮುಖ್ಯವಾಗಿ, ಕಡಲ ದಂಡೆಯಲ್ಲಿ ಆಯ್ದುಕೊಳ್ಳುವ ಚಿಪ್ಪುಗಳು ಒಳಗಿನ ಜೀವಿ ಸತ್ತುಹೋದ ಮೇಲೆ ಉಳಿದವು, ಯಾರೂ ಯಾರಿಂದಲೂ ಕಿತ್ತುಕೊಂಡವಲ್ಲ. ಹೀಗಾಗಿ ‘ಚಿಪ್ಪಿನ ಸಂಗ್ರಹ’, ‘ಚಿಪ್ಪಿನ ಮಾರಾಟ’ ಎಂಬ ಮಾತುಗಳು ಕಿವಿಗೆ ಅಷ್ಟೇನೂ ಕ್ರೂರವಾಗಿ ಕೇಳಿಸುವುದಿಲ್ಲ.

ಈ ಪ್ರಾಣಿಯ ಮೈಮೇಲಿರುವುದು ಬೇರೆಯೇ ವಸ್ತು. ವಸ್ತುಸಂಗ್ರಹಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿದ್ದ ಮಾದರಿಯನ್ನು ಹತ್ತಿರದಿಂದ ನೋಡಿದಾಗ ನನಗೆ ಮೊದಲು ನೆನಪಾದದ್ದು ಕಾಲಿನ ಹೆಬ್ಬೆರಳ ಉಗುರು. ಮಾಸಿದ ಕಂದುಬಣ್ಣ, ಬುಡದಿಂದ ತುದಿಯವರೆಗೆ ಸಣ್ಣ ಗೀರುಗಳು, ಮಣ್ಣು ತೋಡಿ ತೋಡಿ ಸವೆದ ಅಂಚು. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಾಚಿಕೊಂಡ ನೂರಾರು ಬಿಲ್ಲೆಗಳು. ಹೋಲಿಕೆ ಬರಿಯ ಕಣ್ಣಿನದಲ್ಲ: ಉಗುರು, ಕೂದಲು, ಖಡ್ಗಮೃಗದ ಕೊಂಬುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಇಲ್ಲಿಯೂ ಇದೆ. ಅವು ಚರ್ಮದಿಂದಲೇ ಬೆಳೆಯುತ್ತವೆ, ಜೀವನವಿಡೀ ಬೆಳೆಯುತ್ತವೆ. ವ್ಯಾಪಾರಕ್ಕೆಂದು ಅವುಗಳನ್ನು ಬಿಡಿಸಬೇಕಾದರೆ ಪ್ರಾಣಿಯನ್ನು ಕೊಲ್ಲುತ್ತಾರೆ, ಅನೇಕ ವೇಳೆ ಬಿಸಿನೀರಿನಲ್ಲಿ ಕುದಿಸುತ್ತಾರೆ. ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೇ, ಆದರೆ ‘ಚಿಪ್ಪು’ ಎಂಬ ಪದ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಪರ್ಯಾಯ ಪದಗಳಲ್ಲಿ ಮೀನು ಮತ್ತು ಹಾವಿಗೆ ಬಳಸುವ ‘ಹುರುಪೆ’ ಸಮೀಪದ್ದು, ಆದರೆ ‘ಹುರುಪೆ ಏಳು’ ಎಂದಾಗ ತಾನಾಗಿ ಉದುರುವ ತೆಳುವಾದ ಪದರದ ಭಾವ ಬರುತ್ತದೆ. ‘ಶಲ್ಕ’ ಪಠ್ಯಪುಸ್ತಕದಿಂದ ಹೊರಗೆ ಬಂದೇ ಇಲ್ಲ. ‘ಉಗುರುಚಿಪ್ಪು’ ಎಂದು ನಾನೇ ಒಂದು ಪದ ಕಟ್ಟಿನೋಡಿದೆ. ಅರ್ಥ ಸರಿಯಾಗಿದ್ದರೂ ನಾಲಿಗೆಗೆ ಒಗ್ಗುತ್ತಿಲ್ಲ.

ಪ್ರಾಣಿಯ ಹೆಸರನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಮುಳ್ಳುಹಂದಿಯೂ ಹಂದಿಯಲ್ಲ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಮರಾಠಿಯವರು ಇದನ್ನು ‘ಖವಲೆ ಮಾಂಜರ್’, ಅಂದರೆ ಹುರುಪೆಯುಳ್ಳ ಬೆಕ್ಕು ಎನ್ನುತ್ತಾರೆ. ವಂಶವಾಹಿ ಅಧ್ಯಯನಗಳ ಪ್ರಕಾರ ಈ ಪ್ರಾಣಿಯ ಹತ್ತಿರದ ನೆಂಟರು ಬೆಕ್ಕು, ನಾಯಿ, ಕರಡಿಗಳನ್ನೊಳಗೊಂಡ ಮಾಂಸಾಹಾರಿ ಗಣದವರಾದ್ದರಿಂದ, ಹೆಸರಿಡುವುದರಲ್ಲಿ ಮರಾಠಿಯವರೇ ನಮಗಿಂತ ಗುರಿಗೆ ಸಮೀಪವಾಗಿದ್ದಾರೆ ಎನ್ನಬೇಕು. ‘ಪ್ಯಾಂಗೋಲಿನ್’ ಎಂಬುದರ ಮೂಲ ಮಲಯ್ ಭಾಷೆಯ ‘ಉರುಳು, ಸುತ್ತಿಕೊಳ್ಳು’ ಎಂಬರ್ಥದ ಧಾತು. ಮೈಯನ್ನು ಬಿಟ್ಟು ನಡವಳಿಕೆಯನ್ನು ಹಿಡಿದ ಹೆಸರು ಇದೊಂದೇ ನನ್ನ ಕಣ್ಣಿಗೆ ಬಿದ್ದಿರುವುದು, ಮತ್ತು ಎರಡನೆಯ ಪದದ ತೊಡಕು ಹುಟ್ಟುವುದು ಆ ನಡವಳಿಕೆಯಿಂದಲೇ.

‘ಬೇಟೆ’ಯಲ್ಲಿ (ಹಳಗನ್ನಡದ ‘ಬೇಂಟೆ’, ಪ್ರೇಮಾರ್ಥದ ‘ಬೇಟ’ ಬೇರೆಯದೇ ಪದ) ಓಟವಿದೆ, ಅಟ್ಟುವಿಕೆಯಿದೆ, ಎದುರಾಳಿಯ ಚುರುಕು ಇದೆ. ಅದರೊಂದಿಗೆ ಸೇರುವ ಕ್ರಿಯಾಪದವೂ ‘ಆಡು’. ಚಿಪ್ಪುಹಂದಿಗೆ ಹಲ್ಲಿಲ್ಲ. ಬೆದರಿದಾಗ ಅದು ಮೂತಿಯನ್ನು ಹೊಟ್ಟೆಗೆ ಒತ್ತಿ, ಅಗಲವಾದ ಬಾಲವನ್ನು ಮೇಲೆ ಹೊದ್ದು ಉಂಡೆಯಾಗುತ್ತದೆ. ಮರಿಯಿದ್ದರೆ ತಾಯಿ ಅದನ್ನೂ ಒಳಗೆ ಸೇರಿಸಿಕೊಂಡು ಸುತ್ತಿಕೊಳ್ಳುತ್ತದೆ. ಸಿಂಹದ ಹಲ್ಲಿಗೂ ಬಗ್ಗದ ಈ ಉಪಾಯ ಮನುಷ್ಯನ ಮುಂದೆ ಮಾತ್ರ ನಡೆಯುವುದಿಲ್ಲ, ಏಕೆಂದರೆ ಅವನು ಬಾಗಿ ಎರಡು ಕೈಗಳಿಂದ ಎತ್ತಿ ಚೀಲಕ್ಕೆ ಹಾಕಿಕೊಂಡರೆ ಮುಗಿಯಿತು. ಇದರಲ್ಲಿ ಆಡುವಂಥದ್ದು ಏನಿದೆ?

‘ಕಳ್ಳಬೇಟೆ’ ಎಂಬ ಸಮಾಸವು ಕಳ್ಳಸಾಗಣೆ, ಕಳ್ಳಭಟ್ಟಿಗಳ ಮಾದರಿಯಲ್ಲಿ ಸರಿಯಾಗಿಯೇ ಇದೆ. ಗಮನಿಸಬೇಕಾದ ಸಂಗತಿಯೆಂದರೆ ‘ಹುಲಿ ಬೇಟೆಯಾಡಿತು’ ಎನ್ನುವ ನಾವು ‘ಅವನು ಕಳ್ಳಬೇಟೆಯಾಡಿದ’ ಎನ್ನಲು ಅಳುಕುತ್ತೇವೆ. ‘ಕಳ್ಳಬೇಟೆ ನಡೆಸಿದ’, ‘ಕಳ್ಳಬೇಟೆ ಮಾಡಿದ’ ಎನ್ನುತ್ತೇವೆ. ಆಟದ ಭಾವ ಇಲ್ಲಿ ಸಲ್ಲದೆಂದು ಭಾಷೆಗೇ ತಿಳಿದಂತಿದೆ. ಆದರೆ ವರದಿಗಳಲ್ಲಿ ಹೆಚ್ಚಾಗಿ ಕಾಣುವುದು ‘ಕಳ್ಳಬೇಟೆಗೆ ಬಲಿಯಾಯಿತು’ ಎಂಬ ರೂಪ, ಅದರಲ್ಲಿ ಕೊಂದವನು ಕಾಣಿಸುವುದೇ ಇಲ್ಲ.

ಪದದ ಆಯ್ಕೆಯಿಂದ ಏನು ಮರೆಯಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಏಷ್ಯಾದ ನಾಲ್ಕು ಮತ್ತು ಆಫ್ರಿಕಾದ ನಾಲ್ಕು, ಹೀಗೆ ಎಂಟೂ ಪ್ರಭೇದಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಸದಸ್ಯ ರಾಷ್ಟ್ರಗಳು 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿ ನಿಷೇಧಿಸಿದವು. ಅದಾಗಿ ಮೂರು ವರ್ಷ ತುಂಬುವ ಮೊದಲೇ, 2019ರ ಏಪ್ರಿಲ್‌ನಲ್ಲಿ, ನೈಜೀರಿಯಾದಿಂದ ವಿಯೆಟ್ನಾಮ್‌ಗೆ ಹೊರಟಿದ್ದ ಸರಕಿನಲ್ಲಿ 12.9 ಟನ್ ಚಿಪ್ಪು ಸಿಂಗಪುರದಲ್ಲಿ ಸಿಕ್ಕಿಬಿತ್ತು. ‘12.9 ಟನ್ ಚಿಪ್ಪು’ ಎಂದರೆ ಗೋದಾಮಿನ ಲೆಕ್ಕದಂತೆ ಕೇಳಿಸುತ್ತದೆ. ಅದು ಸುಮಾರು 17,000 ಪ್ರಾಣಿಗಳ ಮೈಯಿಂದ ಬಂದದ್ದೆಂದು ಆಗ ಅಂದಾಜು ಮಾಡಲಾಗಿತ್ತು. ಒಂದು ಹೆರಿಗೆಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿಗೆ ಇಂಥ ನಷ್ಟ ಬೇಗನೆ ತುಂಬುವಂಥದ್ದಲ್ಲ.

ಸದ್ಯಕ್ಕೆ ಆ ವಾಕ್ಯವನ್ನು ‘ಉಗುರಿನಂಥ ಚಿಪ್ಪುಗಳಿಗಾಗಿ ಈ ಪ್ರಾಣಿಯನ್ನು ಕದ್ದು ಹಿಡಿದು ಕೊಲ್ಲುತ್ತಾರೆ’ ಎಂದು ತಿದ್ದಿದ್ದೇನೆ. ಉದ್ದವಾಯಿತು, ಆದರೂ ಹುಡುಗಿ ಈ ಸಲ ಆ ಪ್ರಶ್ನೆ ಕೇಳಲಿಲ್ಲ. ‘ಕದ್ದು ಹಿಡಿ’ ಎಂಬ ಪ್ರಯೋಗ ತಮಗೆ ಸಹಜವೆನಿಸುತ್ತದೆಯೇ? ಮೈಗೆ ಅಂಟಿ ಬೆಳೆಯುವ, ಕಿತ್ತರೆ ಜೀವ ಹೋಗುವಂಥ ಬಿಲ್ಲೆಗೆ ‘ಹುರುಪೆ’ಗಿಂತ ಗಟ್ಟಿಯಾದ, ‘ಶಲ್ಕ’ಕ್ಕಿಂತ ಆಪ್ತವಾದ ಪದವನ್ನು ಆಡುಮಾತಿನಲ್ಲಿ ಯಾರಾದರೂ ಕೇಳಿದ್ದರೆ, ಅದನ್ನು ಕೇಳಿದ ವಾಕ್ಯದ ಸಮೇತ ದಯವಿಟ್ಟು ಬರೆಯಿರಿ.