ಅಪ್‌ಡೇಟ್: ಇಸ್ತಾಂಬುಲ್‌ಗೆ ಬಂದು ಮೂರು ದಿನ ಆಯ್ತು

ಬ್ಯಾಗ್ ಹೊತ್ಕೊಂಡು ಒಬ್ನೇ ಇಸ್ತಾಂಬುಲ್‌ಗೆ ಹೊರಟಿದೀನಿ, ಯುರೋಪ್ ಕಡೆಯ ಸುಲ್ತಾನಹ್ಮೆತ್‌ನಲ್ಲಿ ಉಳಿಯೋದಾ, ಏಷ್ಯಾ ಕಡೆಯ ಕಡಿಕೊಯ್‌ನಲ್ಲಾ ಅಂತ ಕೇಳಿದ್ದೆನಲ್ಲ, ಕಡಿಕೊಯ್ ಅಂದವರಿಗೆಲ್ಲ ದೊಡ್ಡ ನಮಸ್ಕಾರ. ರೂಮು ಏಷ್ಯಾದಲ್ಲಿ, ಸುತ್ತಾಟ ಯುರೋಪಿನಲ್ಲಿ! ನಡುವೆ ಫೆರಿಯಲ್ಲಿ ಇಪ್ಪತ್ತು ನಿಮಿಷ ಅಷ್ಟೇ. ಇಸ್ತಾಂಬುಲ್‌ಕಾರ್ಟ್ ಅನ್ನೋ ಪ್ರಯಾಣದ ಕಾರ್ಡ್ ಒಂದಿದ್ರೆ ಟ್ರಾಮ್, ಮೆಟ್ರೋ, ಫೆರಿ ಎಲ್ಲಕ್ಕೂ ನಡೆಯುತ್ತೆ.

ಫೆರಿಯಲ್ಲಿ ಸಣ್ಣ ಸೊಂಟದ ಗಾಜಿನ ಲೋಟದಲ್ಲಿ ಚಹಾ ಕೊಡ್ತಾರೆ. ಹಾಲಿಲ್ಲ, ಹಿಡಿಯೂ ಇಲ್ಲ, ಬೆರಳು ಸುಟ್ಕೊಂಡೆ. ಪಕ್ಕದವರು ಸಿಮಿತ್ (ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್) ಮುರಿದು ಎಸೆದ್ರೆ ಕಡಲಹಕ್ಕಿಗಳು ಗಾಳಿಯಲ್ಲೇ ಕಚ್ಕೊಳ್ತಿದ್ವು.

ಗಲಾಟಾ ಸೇತುವೆ ಮೇಲೆ ಸಾಲಾಗಿ ಗಾಳ ಹಾಕಿ ನಿಂತವರು, ಅದರ ಕೆಳ ಅಂತಸ್ತಿನಲ್ಲಿ ಹೋಟೆಲುಗಳು. ಅಲ್ಲಿ ಕೂತಿದ್ದಾಗ ಕಣ್ಣೆದುರೇ ಒಂದು ಮೀನು ಪಟಪಟ ಅಂತ ಒದ್ದಾಡ್ತಾ ಮೇಲೆ ಹೋಯ್ತು. ಅರ್ಧ ಗಂಟೆ ಅದನ್ನೇ ನೋಡ್ತಾ ಕೂತೆ, ಮ್ಯೂಸಿಯಂ ಪಟ್ಟಿ ಎಲ್ಲ ಮರೆತೇ ಹೋಯ್ತು.

537ರಲ್ಲಿ ಚರ್ಚ್ ಆಗಿ ಕಟ್ಟಿ ಮುಗಿಸಿದ ಹಾಗಿಯಾ ಸೋಫಿಯಾ ಆಮೇಲೆ ಮಸೀದಿ, ಮ್ಯೂಸಿಯಂ ಆಗಿ, 2020ರಿಂದ ಮತ್ತೆ ಮಸೀದಿ. ವಿದೇಶಿ ಪ್ರವಾಸಿಗರಿಗೆ ಮೇಲಿನ ಗ್ಯಾಲರಿ ಮಾತ್ರ, ಟಿಕೆಟ್ 25 ಯೂರೋ. ಜೇಬು ಉರೀತು, ನಿಜ. ಗುಮ್ಮಟ ನೋಡಿದ್ಮೇಲೆ ಬಾಯಿ ಮುಚ್ಕೊಂಡೆ.

ದಡ್ಡತನವೂ ಆಯ್ತು: ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ಹೋದೆ. ಬಾಗಿಲು ಹಾಕಿತ್ತು, ಭಾನುವಾರ ರಜೆಯಂತೆ. ನಾಳೆ ಮತ್ತೆ ಹೋಗ್ತೀನಿ.