ಇನ್‌ಸ್ಟಾಗ್ರಾಮ್: ಹೊಸಬರ ಮೆಸೇಜ್ ತಪ್ಪಬಾರದು, ಕಾಟ ಮಾತ್ರ ನಿಲ್ಲಬೇಕು. ಸೆಟ್ಟಿಂಗ್ ಹೇಗೆ?

ಪ್ರಶ್ನೆ
ಅಕೌಂಟ್ ಪ್ರೈವೇಟ್ ಮಾಡಿದ ಮೇಲೂ ಗುರುತಿಲ್ಲದವರ ಮೆಸೇಜ್ ಬರುತ್ತಲೇ ಇವೆ. ಮೆಸೇಜ್ ರಿಕ್ವೆಸ್ಟ್ (ಹೊಸಬರ ಮೆಸೇಜ್ ಒಪ್ಪಿಗೆಗಾಗಿ ಕಾಯುವ ಜಾಗ) ಡಿಲೀಟ್ ಮಾಡಿದರೆ ಅದೇ ಜನ ಮತ್ತೆ ಕಳಿಸುತ್ತಾರೆ. ಯಾವ್ಯಾವುದೋ ಗ್ರೂಪಿಗೂ ಎಳೆಯುತ್ತಾರೆ. ಹಾಗಂತ ಪೂರ್ತಿ ಮುಚ್ಚುವಂತಿಲ್ಲ, ಕೆಲಸ ಕೇಳಿಕೊಂಡು ಬರುವವರೂ ಹೊಸಬರೇ. ಎಲ್ಲೆಲ್ಲಿ ಏನು ಬದಲಿಸಬೇಕು?

ಉತ್ತರ 1
ಪ್ರೈವೇಟ್ ಮಾಡಿದರೆ ಪೋಸ್ಟ್, ಸ್ಟೋರಿ ಮರೆಯಾಗುತ್ತವೆ ಅಷ್ಟೇ. ಮೆಸೇಜಿನ ಬಾಗಿಲೇ ಬೇರೆ. ಸೆಟ್ಟಿಂಗ್ಸ್‌ನಲ್ಲಿ ‘ಮೆಸೇಜಸ್ ಆಂಡ್ ಸ್ಟೋರಿ ರಿಪ್ಲೈಸ್’, ಅದರೊಳಗೆ ‘ಮೆಸೇಜ್ ಕಂಟ್ರೋಲ್ಸ್’ ತೆರೆಯಿರಿ. ‘ಅದರ್ಸ್ ಆನ್ ಇನ್‌ಸ್ಟಾಗ್ರಾಮ್’ ಅನ್ನುವುದನ್ನು ‘ಮೆಸೇಜ್ ರಿಕ್ವೆಸ್ಟ್ಸ್’ನಲ್ಲೇ ಬಿಡಿ. ‘ಡೋಂಟ್ ರಿಸೀವ್ ರಿಕ್ವೆಸ್ಟ್ಸ್’ ಹಾಕಿದರೆ ಕೆಲಸ ಕೇಳುವವರೂ ಹೊರಗೇ ಉಳಿಯುತ್ತಾರೆ. ಯಾರು ಗ್ರೂಪಿಗೆ ಸೇರಿಸಬಹುದು ಎಂಬ ಆಯ್ಕೆಯೂ ಇಲ್ಲೇ ಇದೆ, ನೀವು ಫಾಲೋ ಮಾಡುವವರಿಗೆ ಮಾತ್ರ ಎಂದು ಇಡಿ.

ರಿಕ್ವೆಸ್ಟ್ ತೆರೆದು ಓದಿದರೂ ಅಕ್ಸೆಪ್ಟ್ ಮಾಡುವ ತನಕ ಕಳಿಸಿದವರಿಗೆ ‘ಸೀನ್’ ಕಾಣುವುದಿಲ್ಲ. ಹಾಗಾಗಿ ಧೈರ್ಯವಾಗಿ ಓದಿ ನೋಡಿ. ಡಿಲೀಟ್ ಅಂದರೆ ಆ ಮೆಸೇಜ್ ಹೋಯಿತು ಅಷ್ಟೇ, ಮನುಷ್ಯ ಹೋಗಲಿಲ್ಲ. ಮತ್ತೆ ಬರುವವರನ್ನು ಅಲ್ಲಿಂದಲೇ ಬ್ಲಾಕ್ ಮಾಡಿ. ಆಗ ಅವರು ಮುಂದೆ ತೆರೆಯುವ ಅಕೌಂಟುಗಳನ್ನೂ ಸೇರಿಸಿ ಬ್ಲಾಕ್ ಮಾಡುವ ಆಯ್ಕೆ ಬರುತ್ತದೆ, ಅದನ್ನೇ ಆರಿಸಿ.

ಉತ್ತರ 2
ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಸೆಟ್ಟಿಂಗ್ಸ್‌ನಲ್ಲಿರುವ ‘ಹಿಡನ್ ವರ್ಡ್ಸ್’, ಅಂದರೆ ಬೇಡದ ಪದಗಳಿರುವ ಮೆಸೇಜ್ ಸೋಸುವ ಸೌಲಭ್ಯ. ಅಲ್ಲಿ ಮೆಸೇಜ್ ರಿಕ್ವೆಸ್ಟ್ ಮರೆಮಾಡುವ ಸ್ವಿಚ್ ಆನ್ ಮಾಡಿ, ‘ಕಸ್ಟಮ್ ವರ್ಡ್ಸ್’ ಪಟ್ಟಿಗೆ ನಿಮ್ಮ ಪದಗಳನ್ನು ಅಲ್ಪವಿರಾಮ ಕೊಟ್ಟು ತುಂಬಿ. ಎಮೋಜಿಯನ್ನೂ ಹಾಕಬಹುದು.

ಕನ್ನಡದವರು ಎಡವುವುದು ಇಲ್ಲೇ. ಕನ್ನಡ ಲಿಪಿಯಲ್ಲಿ ಮಾತ್ರ ಹಾಕಿ ಸುಮ್ಮನಾದರೆ ಪ್ರಯೋಜನ ಕಡಿಮೆ, ಏಕೆಂದರೆ ಬೈಗುಳ ಬರುವುದು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ. ಅದರಲ್ಲೂ ಒಬ್ಬರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಎಲ್ಲ ರೂಪವನ್ನೂ ಬೇರೆ ಬೇರೆಯಾಗಿ ಕೊಡಿ. ವಿಭಕ್ತಿ ಸೇರಿದ ರೂಪಗಳೂ ಇರಲಿ: ಲೋನ್, ಲೋನಿಗೆ, ಲೋನಿನ. ‘ಹಣ’, ‘ರೇಟ್’ ಥರದ ಸಾಮಾನ್ಯ ಪದ ಮಾತ್ರ ಬೇಡ, ಕೆಲಸದ ವಿಚಾರಣೆಯೇ ಮರೆಯಾದೀತು. ಅದರ ಬದಲು ‘ದಿನಕ್ಕೆ ಗಳಿಸಿ’ ಎಂಬಂಥ ಎರಡು ಪದದ ತುಣುಕು ಕೊಡಿ. ಸಿಕ್ಕಿಬಿದ್ದವು ಅಳಿಸಿಹೋಗುವುದಿಲ್ಲ, ‘ಹಿಡನ್ ರಿಕ್ವೆಸ್ಟ್ಸ್’ಗೆ ಹೋಗುತ್ತವೆ. ವಾರಕ್ಕೊಮ್ಮೆ ಇಣುಕಿ. ಈ ಸೋಸುವಿಕೆ ರಿಕ್ವೆಸ್ಟ್‌ಗೆ ಮಾತ್ರ, ಈಗಾಗಲೇ ಚಾಟ್‌ನಲ್ಲಿ ಇರುವವರಿಗೆ ಅನ್ವಯಿಸದು.

ಪ್ರಶ್ನೆ ಕೇಳಿದವರು
ಚಾಟ್‌ನಲ್ಲಿರುವ ಒಬ್ಬರು ಪರಿಚಯದವರೇ, ಬ್ಲಾಕ್ ಮಾಡಿದರೆ ಗೊತ್ತಾಗಿಬಿಡುತ್ತದೆ. ಅವರಿಗೆ ಏನು ಮಾಡಲಿ?

ಉತ್ತರ 1
‘ರಿಸ್ಟ್ರಿಕ್ಟ್’ ಮಾಡಿ. ಅವರ ಮೆಸೇಜ್ ರಿಕ್ವೆಸ್ಟ್‌ಗೆ ಸರಿಯುತ್ತದೆ. ನೀವು ಓದಿದ್ದು, ಆನ್‌ಲೈನ್ ಇರುವುದು ಅವರಿಗೆ ತಿಳಿಯದು, ರಿಸ್ಟ್ರಿಕ್ಟ್ ಮಾಡಿದ ಸೂಚನೆಯೂ ಹೋಗುವುದಿಲ್ಲ.

ಉಳಿದವರಿಗೂ ಆನ್‌ಲೈನ್ ಕಾಣಬಾರದು ಎಂದಿದ್ದರೆ ‘ಆಕ್ಟಿವಿಟಿ ಸ್ಟೇಟಸ್’ ಆಫ್ ಮಾಡಿ. ಆಗ ಬೇರೆಯವರದ್ದೂ ನಿಮಗೆ ಕಾಣದು. ನೀವು ಓದಿದ್ದನ್ನು ತೋರಿಸುವ ‘ರೀಡ್ ರಿಸೀಟ್ಸ್’ ಬೇರೆಯೇ ಸ್ವಿಚ್. ಎಲ್ಲ ಚಾಟ್‌ಗೂ ಒಟ್ಟಿಗೆ ಆಫ್ ಮಾಡಬಹುದು, ಒಂದೇ ಚಾಟ್‌ಗೆ ಬೇಕಿದ್ದರೆ ಮೇಲಿನ ಹೆಸರು ಒತ್ತಿ ‘ಪ್ರೈವೆಸಿ ಆಂಡ್ ಸೇಫ್ಟಿ’ಯಲ್ಲಿ ಆಫ್ ಮಾಡಿ.